ಬಾಗಿಲು ತೆರೆಯಲಿಲ್ಲ, ತಟ್ಟಿದವರಾರು?

ಲೋಕವ್ಯವಹಾರದಲ್ಲಿ ಸಮ್ಮತಿಗೆ ಇರುವ ಬೆಲೆ ದೊಡ್ಡದು. ಮದುವೆಯ ಮಾತುಕತೆಯಿಂದ ಹಿಡಿದು ಜಮೀನಿನ ಕ್ರಯಪತ್ರದವರೆಗೆ, ಒಬ್ಬರು ‘ಒಪ್ಪಿಗೆ’ ಎಂದು ನುಡಿದ ಮೇಲೆ ಅದರ ಹೊಣೆ ಅವರ ಹೆಗಲಿಗೇರುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಸಹಿ ಹಾಕುವ ಮುನ್ನ ಕಾಗದವನ್ನು ಎರಡು ಬಾರಿ ಓದಿಸಿ ಕೇಳುತ್ತಿದ್ದರು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ನಂಬಿಕಸ್ಥರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಇಂದು ಗಣಕಯಂತ್ರದ ಮತ್ತು ಮೊಬೈಲಿನ ಪರದೆಯ ಮೇಲೆ ‘ಒಪ್ಪಿಗೆ’ ಎಂಬ ಗುಂಡಿ ಮತ್ತೆ ಮತ್ತೆ ಮೂಡುತ್ತದೆ. ಅದನ್ನು ಒತ್ತುವವರಲ್ಲಿ ಮೇಲಿನ ಸಾಲುಗಳನ್ನು ಓದುವವರು ವಿರಳ. ಈ ಅಭ್ಯಾಸವನ್ನೇ ಬಂಡವಾಳ ಮಾಡಿಕೊಂಡ ಒಂದು ಬಗೆಯ ವಂಚನೆ, ಅದನ್ನು ತಡೆಯುವ ಒಂದು ವ್ಯವಸ್ಥೆ, ತಡೆದ ಬಳಿಕವೂ ಉಳಿಯುವ ಒಂದು ಕರ್ತವ್ಯ — ಈ ಮೂರನ್ನು ಕುರಿತು ಈ ತಿಂಗಳು ಓದುಗ ಬಂಧುಗಳೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇವೆ.

ಇದು ಗಣಕತಜ್ಞರಿಗೆ ಸೇರಿದ ವಿಷಯ, ಗೃಹಸ್ಥರಾದ ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇಂತಹ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಶಾಲೆ, ಆಸ್ಪತ್ರೆ, ಪತ್ತಿನ ಸಹಕಾರ ಸಂಘಗಳೂ ತಮ್ಮ ಪತ್ರವ್ಯವಹಾರವನ್ನು ಇ-ಮೇಲ್ ಮೂಲಕ ನಡೆಸುತ್ತಿವೆ. ವಿದ್ಯಾರ್ಥಿಗಳ ವಿಳಾಸ, ಸದಸ್ಯರ ಠೇವಣಿಯ ವಿವರ, ರೋಗಿಯ ಪರೀಕ್ಷಾ ವರದಿ — ಇವೆಲ್ಲ ಹಿಂದೆ ಕಬ್ಬಿಣದ ಬೀರುವಿನಲ್ಲಿ ಇರುತ್ತಿದ್ದವು. ಈಗ ಅವು ದೊಡ್ಡ ಕಂಪನಿಗಳು ದೂರದ ಊರುಗಳಲ್ಲಿ ನಡೆಸುವ ಗಣಕಕೇಂದ್ರಗಳಲ್ಲಿರುತ್ತವೆ. ಇದಕ್ಕೇ ‘ಕ್ಲೌಡ್’ ಎಂದು ಹೆಸರು. ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂದು ವಿಚಾರಿಸುವ ಮನೆತನದವರು ಈ ಹೊಸ ಬೀರುವಿನ ಬಗೆಗೂ ವಿಚಾರಿಸುವುದು ನ್ಯಾಯವೇ ಆಗಿದೆ.

ಮೊದಲು ವಂಚನೆಯ ಬಗೆಯನ್ನು ತಿಳಿಯೋಣ. ನಮ್ಮ ಪಾಸ್‌ವರ್ಡನ್ನು ಕದಿಯುವ ಕಳ್ಳರ ವಿಚಾರ ಓದುಗರಿಗೆ ಹೊಸದಲ್ಲ. ಇಲ್ಲಿ ಹೇಳುತ್ತಿರುವ ಕಳ್ಳನಿಗೆ ಪಾಸ್‌ವರ್ಡ್ ಬೇಕಿಲ್ಲ. ಒಂದು ಆ್ಯಪ್ ಮತ್ತೊಂದು ಸಂಸ್ಥೆಯಲ್ಲಿರುವ ನಮ್ಮ ಖಾತೆಯನ್ನು ನಮ್ಮ ಅನುಮತಿಯಿಂದ ಬಳಸುವುದಕ್ಕೆ ‘ಓಆತ್’ ಎಂಬ ಪದ್ಧತಿಯಿದೆ. ಅದರ ಎರಡನೆಯ ಆವೃತ್ತಿ 2012ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಪದ್ಧತಿ ಒಳ್ಳೆಯದೇ. ಪಾಸ್‌ವರ್ಡನ್ನು ಪರರಿಗೆ ಕೊಡದೆ, ಇಂತಿಷ್ಟೇ ಕೆಲಸಕ್ಕೆಂದು ಅಧಿಕಾರ ಕೊಡಲು ಅದು ಅವಕಾಶ ಮಾಡಿಕೊಡುತ್ತದೆ. ವ್ಯವಹಾರದ ಭಾಷೆಯಲ್ಲಿ ಹೇಳುವುದಾದರೆ, ಅದು ಒಂದು ಮುಖ್ತ್ಯಾರ್ ಪತ್ರ. ‘ಈ ಆ್ಯಪ್ ನಿಮ್ಮ ಪತ್ರಗಳನ್ನು ಓದಬಹುದೇ? ನಿಮ್ಮ ಹೆಸರಿನಲ್ಲಿ ಪತ್ರ ಕಳುಹಿಸಬಹುದೇ? ನಿಮ್ಮ ಕಡತಗಳನ್ನು ತಿದ್ದಬಹುದೇ? ನೀವು ಇಲ್ಲದಿರುವಾಗಲೂ ಈ ಅಧಿಕಾರ ನಡೆಯಬಹುದೇ?’ ಎಂದು ಪರದೆ ಕೇಳುತ್ತದೆ. ನಾವು ಗುಂಡಿ ಒತ್ತಿದೆವೆಂದರೆ ಪತ್ರಕ್ಕೆ ಸಹಿ ಬಿದ್ದಂತೆಯೇ.

ಮೋಸಗಾರನು ಮಾಡುವುದು ಇಷ್ಟೇ: ಒಳ್ಳೆಯ ಹೆಸರಿಟ್ಟು ಒಂದು ಆ್ಯಪನ್ನು ನೋಂದಾಯಿಸುತ್ತಾನೆ, ಅದರ ಕೊಂಡಿಯನ್ನು ಇ-ಮೇಲಿನಲ್ಲಿ ಕಳುಹಿಸುತ್ತಾನೆ. ಕೊಂಡಿ ಒತ್ತಿದವರು ತಲುಪುವುದು ಮೈಕ್ರೋಸಾಫ್ಟ್ ಅಥವಾ ಗೂಗಲ್ ಕಂಪನಿಯ ನಿಜವಾದ ಪುಟವನ್ನೇ. ವಿಳಾಸ ಸರಿಯಾಗಿರುತ್ತದೆ. ಮೊಬೈಲಿಗೆ ಬರುವ ಸಂಕೇತಸಂಖ್ಯೆಯನ್ನೂ ಅವರೇ ನಮೂದಿಸುತ್ತಾರೆ. ಕೊನೆಗೆ ಒಪ್ಪಿಗೆಯ ಗುಂಡಿಯನ್ನೂ ಅವರೇ ಒತ್ತುತ್ತಾರೆ. ಮನೆಯ ಯಜಮಾನನೇ ಸಹಿ ಮಾಡಿಕೊಟ್ಟ ಮೇಲೆ ಬೀಗ ಎಷ್ಟು ಗಟ್ಟಿಯಾಗಿದ್ದರೇನು? ಇನ್ನೊಂದು ಮಾತನ್ನು ಓದುಗರು ಚೆನ್ನಾಗಿ ನೆನಪಿನಲ್ಲಿಡಬೇಕು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಕೊಟ್ಟ ಒಪ್ಪಿಗೆ ರದ್ದಾಯಿತೆಂದು ತಿಳಿಯಬಾರದು. ಮನೆಯ ಬೀಗ ಬದಲಿಸಿದರೆ ಮುಖ್ತ್ಯಾರ್ ಪತ್ರ ರದ್ದಾಗುವುದುಂಟೇ? ಅದನ್ನು ಪ್ರತ್ಯೇಕವಾಗಿಯೇ ಹಿಂಪಡೆಯಬೇಕು.

ಇದು ಕಲ್ಪನೆಯ ಮಾತಲ್ಲ. 2017ರ ಮೇ 3ರಂದು ‘ಗೂಗಲ್ ಡಾಕ್ಸ್’ ಎಂದೇ ಹೆಸರಿಟ್ಟುಕೊಂಡ ಸುಳ್ಳು ಆ್ಯಪೊಂದು ಹರಡಿತು. ಪರಿಚಿತರಿಂದ ಬಂದಂತೆ ಕಾಣುವ ಪತ್ರ. ಕಡತವನ್ನು ಹಂಚಿಕೊಂಡಿದ್ದೇವೆಂಬ ಒಕ್ಕಣೆ. ಒಪ್ಪಿದವರ ವಿಳಾಸಪುಸ್ತಕವನ್ನು ಹಿಡಿದು ಅದೇ ಪತ್ರ ಅವರ ಬಂಧುಮಿತ್ರರಿಗೆಲ್ಲ ಹೋಯಿತು. ಗೂಗಲ್ ಕಂಪನಿ ಸುಮಾರು ಒಂದು ಗಂಟೆಯೊಳಗೆ ಅದನ್ನು ನಿಲ್ಲಿಸಿತು. ತೊಂದರೆಗೊಳಗಾದವರು ಜಿಮೇಲ್ ಬಳಕೆದಾರರಲ್ಲಿ ಶೇಕಡಾ 0.1ಕ್ಕಿಂತ ಕಡಿಮೆ ಎಂದು ತಿಳಿಸಿತು. ಆದರೆ ಜಿಮೇಲಿನ ಬಳಕೆದಾರರು ಅದಾಗಲೇ ನೂರು ಕೋಟಿಯನ್ನು ಮೀರಿದ್ದರೆಂಬುದನ್ನು ನೆನೆದರೆ, ಆ ಚಿಕ್ಕ ಅಂಕಿಯ ಹಿಂದೆ ಎಷ್ಟು ಮನೆಗಳಿರಬಹುದೆಂದು ಊಹಿಸಬಹುದು.

ಇಂತಹ ಅನುಭವಗಳ ಬಳಿಕ ಕಂಪನಿಗಳು ಬಾಗಿಲಿಗೆ ಕಾವಲು ಹಾಕಿದವು. ಗೂಗಲ್ ಕಂಪನಿ 2017ರ ಜುಲೈ ತಿಂಗಳಿನಿಂದ, ಪರಿಶೀಲನೆಗೆ ಒಳಗಾಗದ ಹೊಸ ಆ್ಯಪ್‌ಗಳ ಮುಂದೆ ಎಚ್ಚರಿಕೆಯ ಪುಟವನ್ನು ತೋರಿಸತೊಡಗಿತು. ಕಚೇರಿಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಕಂಪನಿಯ ಖಾತೆ ವ್ಯವಸ್ಥೆಗೆ ಮೊದಲು ‘ಅಜೂರ್ ಆ್ಯಕ್ಟಿವ್ ಡೈರೆಕ್ಟರಿ’ ಎಂಬ ಹೆಸರಿತ್ತು. 2023ರಲ್ಲಿ ಅದನ್ನು ‘ಎಂಟ್ರಾ ಐಡಿ’ ಎಂದು ಬದಲಿಸಿದರು. ಅಲ್ಲಿನ ಕಾವಲಿನ ನಿಯಮ ಹೀಗಿದೆ: 2020ರ ನವೆಂಬರ್ 8ರ ತರುವಾಯ ನೋಂದಾಯಿತವಾದ, ಹಲವು ಸಂಸ್ಥೆಗಳಿಗೆ ತೆರೆದುಕೊಳ್ಳುವ ಆ್ಯಪೊಂದರ ಪ್ರಕಾಶಕರು ಯಾರೆಂಬುದು ದೃಢಪಟ್ಟಿಲ್ಲದಿದ್ದರೆ, ಅದು ಹೆಸರು, ವಿಳಾಸದಂತಹ ಪ್ರಾಥಮಿಕ ವಿವರಗಳಿಗಿಂತ ಹೆಚ್ಚಿನದನ್ನು ಕೇಳಿದಾಗ ಆ ಕೋರಿಕೆಯನ್ನು ಅಪಾಯಕಾರಿ ಎಂದು ಎಣಿಸುತ್ತಾರೆ. ಆಗ ನೌಕರನು ತಾನೇ ಒಪ್ಪಿಗೆ ಕೊಡುವಂತಿಲ್ಲ. ‘ಈ ಆ್ಯಪ್ ಅಪಾಯಕಾರಿಯಾಗಿರಬಹುದು, ನಿಮಗೆ ನಂಬಿಕೆಯಿದ್ದರೆ ನಿಮ್ಮ ಆಡಳಿತಾಧಿಕಾರಿಯನ್ನು ಕೇಳಿರಿ’ ಎಂಬ ಅರ್ಥದ ಸೂಚನೆ ಬರುತ್ತದೆ. ಕೈ ಅಲ್ಲಿಗೇ ನಿಲ್ಲುತ್ತದೆ.

ಇಲ್ಲಿಗೆ ಕಥೆ ಮುಗಿಯಿತೆಂದು ಬಹುಮಂದಿ ಭಾವಿಸುತ್ತಾರೆ. ಕಳ್ಳ ಬಂದ, ಬಾಗಿಲು ತೆರೆಯಲಿಲ್ಲ, ಹೊರಟುಹೋದ, ಇನ್ನೇನು ಚಿಂತೆ? ಈ ನೆಮ್ಮದಿಯ ಬಗೆಗೇ ನಾವು ಎಚ್ಚರಿಸಬೇಕೆಂದಿರುವುದು. ರಾತ್ರಿ ಯಾರೋ ನಮ್ಮ ಮನೆಯ ಬಾಗಿಲನ್ನು ಮೀಟಿದ ಗುರುತನ್ನು ಬೆಳಿಗ್ಗೆ ಕಂಡರೆ, ‘ಚಿಲಕ ಗಟ್ಟಿಯಾಗಿತ್ತು’ ಎಂದು ಸುಮ್ಮನೆ ಕಾಫಿ ಕುಡಿದು ಕೂರುತ್ತೇವೆಯೇ? ಓಣಿಯ ಉಳಿದ ಮನೆಗಳನ್ನು ವಿಚಾರಿಸುತ್ತೇವೆ. ಹಿತ್ತಲಿನ ಬಾಗಿಲನ್ನು ನೋಡಿ ಬರುತ್ತೇವೆ. ತಡೆಯಲಾದ ಒಪ್ಪಿಗೆಯೂ ಅಂತಹ ಒಂದು ಗುರುತು.

ಆ ಗುರುತು ಎಲ್ಲಿ ಉಳಿದಿರುತ್ತದೆ? ಸಂಸ್ಥೆಯ ಲೆಕ್ಕಪರಿಶೋಧನೆಯ ಕಡತದಂತೆ ಈ ವ್ಯವಸ್ಥೆಯಲ್ಲಿಯೂ ‘ಆಡಿಟ್ ಲಾಗ್’ ಎಂಬ ದಾಖಲೆಪುಸ್ತಕವಿದೆ. ಅದರಲ್ಲಿ ‘ಆ್ಯಪಿಗೆ ಒಪ್ಪಿಗೆ’ ಎಂಬ ಕಾರ್ಯದ ಮುಂದೆ ‘ವಿಫಲ’ ಎಂದೂ, ಕಾರಣದ ಜಾಗದಲ್ಲಿ ‘ಅಪಾಯಕಾರಿ ಆ್ಯಪ್ ಪತ್ತೆಯಾಗಿದೆ’ ಎಂಬ ಅರ್ಥದ ಇಂಗ್ಲಿಷ್ ಪದಗಳೂ ದಾಖಲಾಗುತ್ತವೆ. ನೌಕರನ ಪರದೆಯಲ್ಲಿ 900941 ಎಂಬ ಸಂಖ್ಯೆಯ ದೋಷಸೂಚನೆ ಕಂಡರೂ ಅದರ ಅರ್ಥ ಇದೇ. ಆದರೆ ಈ ಪುಸ್ತಕ ಬಹುಕಾಲ ಉಳಿಯುವುದಿಲ್ಲ. ಶುಲ್ಕವಿಲ್ಲದ ಶ್ರೇಣಿಯಲ್ಲಿ 7 ದಿನ, ಶುಲ್ಕದ ಶ್ರೇಣಿಗಳಲ್ಲಿ 30 ದಿನ ಮಾತ್ರ ಅದು ದೊರೆಯುತ್ತದೆ; ಪ್ರತಿಯೊಂದನ್ನು ಬೇರೆಡೆ ಕಾದಿಡದಿದ್ದರೆ ಅನಂತರ ಓದಲು ಏನೂ ಇರುವುದಿಲ್ಲ. ತಿಂಗಳಿಗೊಮ್ಮೆ ನೋಡಿದರಾಯಿತು ಎಂದುಕೊಂಡ ಸಣ್ಣ ಸಂಸ್ಥೆಯವರು ನೋಡಲು ಕುಳಿತಾಗ ಹಾಳೆ ಖಾಲಿಯಾಗಿರಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗಬಾರದೆಂದಿದ್ದರೆ, ಈ ಒಂದು ಸಾಲು ಬಿದ್ದ ಕೂಡಲೇ ಜವಾಬ್ದಾರಿಯುಳ್ಳವರಿಗೆ ಸುದ್ದಿ ತಲುಪುವಂತೆ ಏರ್ಪಡಿಸಿಕೊಳ್ಳಬೇಕು.

ಸುದ್ದಿ ತಲುಪಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಮೊದಲನೆಯದು, ತಟ್ಟಿದವರು ಯಾರು? ಆ್ಯಪಿನ ಹೆಸರನ್ನು ನಂಬಿ ಪ್ರಯೋಜನವಿಲ್ಲ; ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಪ್ರತಿ ಆ್ಯಪಿಗೂ ಒಂದು ಗುರುತುಸಂಖ್ಯೆಯಿರುತ್ತದೆ. ಅದನ್ನು ಹಿಡಿದು ಹುಡುಕಬೇಕು. ಎರಡನೆಯದು, ಅದು ಕೇಳಿದ್ದೇನು? ದಿನದರ್ಶಿಕೆಯನ್ನು ತೋರಿಸುವ ಆ್ಯಪಿಗೆ ನಮ್ಮ ಪತ್ರಗಳನ್ನು ಓದುವ, ನಮ್ಮ ಹೆಸರಿನಲ್ಲಿ ಕಳುಹಿಸುವ ಅಧಿಕಾರವೇಕೆ? ಕೆಲಸಕ್ಕೂ ಕೋರಿಕೆಗೂ ಹೊಂದಿಕೆಯಿಲ್ಲದಿದ್ದರೆ ಅನುಮಾನಕ್ಕೆ ಅದೇ ಸಾಕು. ಮೂರನೆಯದು, ಬೇರೆ ಯಾರ ಬಾಗಿಲು ತೆರೆಯಿತು? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕೊಂಡಿ ಒಬ್ಬರಿಗೇ ಬಂದಿರುವ ಸಂಭವ ಕಡಿಮೆ. ಅದೇ ಗುರುತುಸಂಖ್ಯೆಯ ಆ್ಯಪಿಗೆ ಹಿಂದೆಂದಾದರೂ ಯಾರಾದರೂ ಒಪ್ಪಿಗೆ ಕೊಟ್ಟಿದ್ದಾರೆಯೇ, ಅದೇ ಪತ್ರ ಮತ್ತಾರ ಪೆಟ್ಟಿಗೆಯಲ್ಲಿದೆ ಎಂದು ನೋಡಬೇಕು. ನಾಲ್ಕನೆಯದು, ತಡೆಯಲ್ಪಟ್ಟವನು ಮುಂದೇನು ಮಾಡಿದ? ಕಚೇರಿಯ ಖಾತೆಯಲ್ಲಿ ಆಗದ್ದನ್ನು ತನ್ನ ಸ್ವಂತ ಖಾತೆಯಿಂದ ಮಾಡಿ ಮುಗಿಸಿದನೇ ಎಂದು ಸಮಾಧಾನದಿಂದ ಕೇಳಿ ತಿಳಿಯಬೇಕು.

ಮೂರನೆಯ ಪ್ರಶ್ನೆಯ ತೂಕ ಎಷ್ಟೆಂಬುದಕ್ಕೆ ಒಂದು ನಿದರ್ಶನ. ಅಮೆರಿಕದ ‘ಸಾನ್ಸ್’ ಸಂಸ್ಥೆ ಗಣಕಭದ್ರತೆಯನ್ನೇ ಕಲಿಸುವ ಹೆಸರಾಂತ ವಿದ್ಯಾಸಂಸ್ಥೆ. 2020ರ ಜುಲೈ ತಿಂಗಳಲ್ಲಿ ಅಲ್ಲಿನ ಹಲವು ನೌಕರರಿಗೆ, ಬೋನಸ್ಸಿನ ಕಡತವೊಂದನ್ನು ಹಂಚಿಕೊಂಡಂತೆ ತೋರುವ ಪತ್ರ ಬಂದಿತು. ಬಲೆಗೆ ಬಿದ್ದವರು ಒಬ್ಬರೇ. ಆ ಒಬ್ಬರ ಖಾತೆಗೆ ಸೇರಿಕೊಂಡ ದುಷ್ಟ ಆ್ಯಪಿನ ಮೂಲಕ, ಕೆಲವು ಪದಗಳುಳ್ಳ ಪತ್ರಗಳನ್ನು ಹೊರಗಿನ ವಿಳಾಸಕ್ಕೆ ತಾನಾಗಿ ರವಾನಿಸುವ ನಿಯಮವೊಂದು ಸ್ಥಾಪನೆಯಾಯಿತು. 513 ಪತ್ರಗಳು ಹೊರಗೆ ಹೋದವು. ಸುಮಾರು 28,000 ಮಂದಿಯ ವಿವರಗಳ ದಾಖಲೆಗಳು ಅವುಗಳೊಡನೆ ಹೋದವು. ಆಗಸ್ಟ್ 6ರಂದು ಇ-ಮೇಲ್ ನಿಯಮಗಳನ್ನು ಕ್ರಮವಾಗಿ ಪರಿಶೀಲಿಸುತ್ತಿದ್ದಾಗ ವಿಷಯ ಬಯಲಾಯಿತು. ಸಂಸ್ಥೆಯವರು ಅದನ್ನು ಮುಚ್ಚಿಡದೆ ಸಾರ್ವಜನಿಕವಾಗಿ ಪ್ರಕಟಿಸಿದರೆಂಬುದು ಮೆಚ್ಚತಕ್ಕ ಸಂಗತಿ. ಕಲಿಸುವ ಗುರುಗಳ ಮನೆಯಲ್ಲಿಯೇ ಹೀಗಾಯಿತೆಂದಮೇಲೆ, ಉಳಿದವರು ‘ನಮಗೇನಾಗುತ್ತದೆ’ ಎನ್ನುವಂತಿಲ್ಲ. ಹಲವರು ಎಡವದಿದ್ದರೂ ಒಬ್ಬರು ಎಡವಿದರೆ ಸಾಕು. ಎಡವದವರ ಕಡೆಯಿಂದ ಸುದ್ದಿ ಬೇಗ ಬಂದರೆ ಎಡವಿದವರನ್ನು ಬೇಗ ಎತ್ತಬಹುದು.

ಇನ್ನು ತಡೆಯಿಂದಲೇ ಹುಟ್ಟುವ ಒಂದು ಅಪಾಯವನ್ನು ಹೇಳಬೇಕು. ನೌಕರನಿಗೆ ಅನುಮತಿ ದೊರೆಯದಿದ್ದಾಗ ಕೋರಿಕೆ ಆಡಳಿತಾಧಿಕಾರಿಯ ಬಳಿಗೆ ಏರುತ್ತದೆ. ‘ಸ್ವಾಮಿ, ಇಂದೇ ಬೇಕು, ಕೆಲಸ ನಿಂತಿದೆ’ ಎಂಬ ಒತ್ತಾಯ ಬರುತ್ತದೆ. ಕೇಳಿದವರು ಮೇಲಿನವರಾದರೆ ದಾಕ್ಷಿಣ್ಯ ಮತ್ತಷ್ಟು. ನೌಕರನ ಒಪ್ಪಿಗೆ ಅವನೊಬ್ಬನ ಖಾತೆಯನ್ನು ಮಾತ್ರ ತೆರೆದೀತು. ಆಡಳಿತಾಧಿಕಾರಿಯಾದರೋ ಇಡೀ ಸಂಸ್ಥೆಯ ಪರವಾಗಿ ಒಪ್ಪಿಗೆ ಕೊಡಬಲ್ಲವನು. ದಾಕ್ಷಿಣ್ಯಕ್ಕೆ ಬಿದ್ದು ಅವನು ಹಾಕಿದ ಒಂದು ಸಹಿ ಎಲ್ಲರ ಬೀರುಗಳನ್ನೂ ಒಮ್ಮೆಗೇ ತೆರೆದುಬಿಡಬಹುದು. ಆದಕಾರಣ ಆ ಸ್ಥಾನದಲ್ಲಿರುವವರಿಗೆ ‘ತುಸು ತಾಳಿರಿ, ವಿಚಾರಿಸಿ ಹೇಳುತ್ತೇನೆ’ ಎನ್ನುವ ಸ್ವಾತಂತ್ರ್ಯವನ್ನು ಸಂಸ್ಥೆಯ ಹಿರಿಯರು ಕೊಡಬೇಕು. ಹಾಗೆಂದವರನ್ನು ಕಾಲಹರಣ ಮಾಡಿದರೆಂದು ದೂರಬಾರದು.

ತಡೆಯಲ್ಪಟ್ಟದ್ದೆಲ್ಲ ಕಳ್ಳಮಾಲೆಂದೂ ತಿಳಿಯಬೇಕಾಗಿಲ್ಲ. ಗುರುತಿನ ದೃಢೀಕರಣವನ್ನು ಇನ್ನೂ ಮಾಡಿಸಿಕೊಳ್ಳದ ಪ್ರಾಮಾಣಿಕ ಸಣ್ಣ ಉದ್ಯಮಿಯ ಆ್ಯಪೂ ಇದೇ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೆಯೇ ದೃಢೀಕರಣದ ನೀಲಿ ಗುರುತು ಇದ್ದ ಮಾತ್ರಕ್ಕೆ ಎಲ್ಲವೂ ಸಾಚಾ ಅಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ. 2022ರ ಡಿಸೆಂಬರಿನಲ್ಲಿ, ಕೆಲವು ವಂಚಕರು ನಿಜವಾದ ಕಂಪನಿಗಳ ಸೋಗು ಹಾಕಿ ಮೈಕ್ರೋಸಾಫ್ಟಿನ ದೃಢೀಕರಣದ ಗುರುತನ್ನೇ ಪಡೆದುಕೊಂಡಿದ್ದುದು ಬೆಳಕಿಗೆ ಬಂದಿತು. ಬ್ರಿಟನ್ ಹಾಗೂ ಐರ್ಲೆಂಡಿನ ಗ್ರಾಹಕರು ಮುಖ್ಯವಾಗಿ ಅವರ ಗುರಿಯಾಗಿದ್ದರು. ಕಂಪನಿ ಆ ಖಾತೆಗಳನ್ನು ರದ್ದುಪಡಿಸಿ, 2023ರ ಜನವರಿ 31ರಂದು ವಿಷಯವನ್ನು ಪ್ರಕಟಿಸಿತು. ಯಂತ್ರದ ಜರಡಿ ಸೋಸಿಕೊಟ್ಟದ್ದನ್ನು ಮನುಷ್ಯನ ವಿವೇಕ ಮತ್ತೊಮ್ಮೆ ಆರಿಸಿ ನೋಡಬೇಕೆಂಬುದಕ್ಕೆ ಇದು ಸಾಕ್ಷಿ.

ವಿಚಾರಣೆಯಲ್ಲಿ ಯಾರಾದರೂ ಒಪ್ಪಿಗೆ ಕೊಟ್ಟಿದ್ದು ಕಂಡುಬಂದರೆ ಮಾಡಬೇಕಾದ ಕೆಲಸಗಳೂ ಸ್ಪಷ್ಟವಾಗಿವೆ. ಆ ಆ್ಯಪನ್ನು ಸಂಸ್ಥೆಯಲ್ಲಿ ನಿಷ್ಕ್ರಿಯಗೊಳಿಸಬೇಕು. ಅಳಿಸಿಹಾಕುವುದಕ್ಕಿಂತ ನಿಷ್ಕ್ರಿಯಗೊಳಿಸುವುದು ಮೇಲು. ಅಳಿಸಿದ ಆ್ಯಪಿಗೆ ಮತ್ತೊಬ್ಬರು ಹೊಸದಾಗಿ ಒಪ್ಪಿಗೆ ಕೊಟ್ಟಾರು, ನಿಷ್ಕ್ರಿಯವಾದದ್ದರ ಬಾಗಿಲು ಮುಚ್ಚಿಯೇ ಇರುತ್ತದೆ. ಕೊಟ್ಟ ಅನುಮತಿಗಳನ್ನು ಹಿಂಪಡೆಯಬೇಕು. ಆ ಖಾತೆಯಿಂದ ಪತ್ರಗಳನ್ನು ಹೊರಗೆ ಕಳುಹಿಸುವ ಗುಪ್ತನಿಯಮಗಳು ಉಳಿದಿವೆಯೇ ಎಂದು ನೋಡಬೇಕು. ಯಾರ ವಿವರಗಳು ಹೋಗಿರಬಹುದೋ ಅವರಿಗೆ ತಿಳಿಸಬೇಕು.

ಇದೆಲ್ಲದರ ನಡುವೆ ಒಬ್ಬ ಮನುಷ್ಯನಿದ್ದಾನೆ ಎಂಬುದನ್ನು ಮರೆಯಬಾರದು. ಗುಂಡಿ ಒತ್ತಿದವನು ಹೆಚ್ಚಾಗಿ ಕೆಲಸವನ್ನು ಬೇಗ ಮುಗಿಸಬೇಕೆಂದು ಹೊರಟ ಸಾಧಾರಣ ನೌಕರ. ಅವನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಗದರಿದರೆ, ಮುಂದಿನ ಸಲ ಇಂತಹ ಪತ್ರ ಬಂದಾಗ ಅವನೂ ಹೇಳುವುದಿಲ್ಲ, ಅವನನ್ನು ನೋಡಿದ ಉಳಿದವರೂ ಹೇಳುವುದಿಲ್ಲ. ಸುದ್ದಿ ಬರುವ ದಾರಿಯನ್ನು ನಾವೇ ಮುಚ್ಚಿಕೊಂಡಂತಾಗುತ್ತದೆ. ‘ಬಂದು ಹೇಳಿದ್ದು ಒಳ್ಳೆಯದಾಯಿತು’ ಎಂಬ ಒಂದು ಮಾತು ಇಲ್ಲಿ ಅನೇಕ ಬೀಗಗಳಿಗಿಂತ ಬಲವಾದದ್ದು. ಮನೆಯಲ್ಲಿ ಮಕ್ಕಳ ವಿಷಯದಲ್ಲಿಯೂ, ಮೊಬೈಲಿಗೆ ಹೊಸಬರಾದ ಅಜ್ಜ ಅಜ್ಜಿಯರ ವಿಷಯದಲ್ಲಿಯೂ ಈ ಮಾತು ನಡೆಯಬೇಕು.

ಮನೆಯ ಖಾತೆಗಳ ವಿಷಯಕ್ಕೆ ಬಂದರೆ, ಅಲ್ಲಿ ಕಡತ ಓದುವ ಆಡಳಿತಾಧಿಕಾರಿ ಬೇರೊಬ್ಬನಿಲ್ಲ. ಗೃಹಸ್ಥರೇ ಆ ಕೆಲಸ ಮಾಡಬೇಕು. ಗೂಗಲ್ ಖಾತೆಯ ಭದ್ರತೆಯ ವಿಭಾಗದಲ್ಲಿ, ಅನ್ಯ ಆ್ಯಪ್‌ಗಳಿಗೂ ಸೇವೆಗಳಿಗೂ ಕೊಟ್ಟಿರುವ ಅನುಮತಿಗಳ ಪಟ್ಟಿ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿಯೂ ಇಂತಹ ಪಟ್ಟಿಯುಂಟು. ಎಂದೋ ಆಡಿ ಬಿಟ್ಟ ಆಟ, ಒಮ್ಮೆ ಫೋಟೋ ತಿದ್ದಲು ಬಳಸಿದ ಆ್ಯಪ್, ಯಾವ ಕೆಲಸಕ್ಕೆಂಬುದೇ ನೆನಪಿಲ್ಲದ ಇನ್ನೊಂದು — ಹೀಗೆ ಹಲವು ಹೆಸರುಗಳು ಅಲ್ಲಿ ಕಂಡಾವು. ಬೇಡವಾದವುಗಳನ್ನು ತೆಗೆದುಹಾಕಿರಿ. ಹಬ್ಬಕ್ಕೆ ಮುನ್ನ ಮನೆಯನ್ನು ಜೇಡಬಲೆ ತೆಗೆದು ಸಾರಿಸುವಂತೆ, ವರ್ಷಕ್ಕೆರಡು ಬಾರಿ ಮನೆಮಂದಿಯೆಲ್ಲ ಕುಳಿತು ಈ ಪಟ್ಟಿಯನ್ನು ಗುಡಿಸಿದರೆ ಸಾಕು. ಹಣ ಕಳೆದುಕೊಂಡ ಪ್ರಸಂಗವಿದ್ದರೆ ತಡಮಾಡದೆ 1930ಕ್ಕೆ ದೂರವಾಣಿ ಮಾಡಿರಿ. ಅದು ಸೈಬರ್ ವಂಚನೆಗಳ ದೂರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಸಮ್ಮತಿಯ ಬೆಲೆಯನ್ನು ನಮ್ಮ ದೇಶದ ಕಾನೂನೂ ಗುರುತಿಸಿದೆ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಬ್ಬರ ವಿವರಗಳನ್ನು ಬಳಸಲು ಪಡೆಯುವ ಒಪ್ಪಿಗೆ ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕು. ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಯಾವುದಾದರೊಂದರಲ್ಲಿ ಓದುವ ಅವಕಾಶವಿರಬೇಕು. ಆ 22ರಲ್ಲಿ ನಮ್ಮ ಕನ್ನಡವೂ ಸೇರಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡಾಗಿದೆ. ಕಾನೂನು ವಂಚಕನ ಕೈಯನ್ನು ಹಿಡಿದು ನಿಲ್ಲಿಸಲಾರದು. ಆದರೆ ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂಬ ಹಳೆಯ ನೀತಿಯನ್ನು ಅದು ಹೊಸ ಮಾತಿನಲ್ಲಿ ಎತ್ತಿಹಿಡಿದಿದೆ.

ಕೊನೆಯದಾಗಿ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಶಾಲೆಯ, ಸಂಘದ ಅಥವಾ ವಸತಿನಿಲಯದ ಆಡಳಿತ ಮಂಡಳಿಯಲ್ಲಿ ನೀವು ಇದ್ದರೆ, ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಿರಿ: ‘ನಮ್ಮಲ್ಲಿ ತಡೆಯಲಾದ ಒಪ್ಪಿಗೆಗಳ ದಾಖಲೆಯನ್ನು ಓದುವವರು ಯಾರು? ಕಳೆದ ಸಲ ಓದಿದ್ದು ಯಾವಾಗ?’ ಉತ್ತರವಾಗಿ ಒಂದು ಹೆಸರೂ ಒಂದು ದಿನಾಂಕವೂ ದೊರೆತರೆ ನೆಮ್ಮದಿ. ದೊರೆಯದಿದ್ದರೆ ಆ ದಿನವೇ ಒಬ್ಬರನ್ನು ನೇಮಿಸಿ, ಅವರ ಹೆಸರನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಿಸಿರಿ.